ಉಬುಂಟು ಹಾಕುವಾಗ ಪರದೆ ಕಪ್ಪಾದರೆ

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಾಸನದಿಂದ ಅಕ್ಕನ ಮಗ ಫೋನು ಮಾಡಿದ. ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿರುವ ಅವನು ತನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ ಬಳಗದ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟು 24.04 ಹಾಕಿಕೊಳ್ಳಲು ಹೊರಟು, ಪೆನ್‌ಡ್ರೈವ್ ಸಿದ್ಧಪಡಿಸಿಕೊಂಡು, ಮೆನುವಿನ ಮೊದಲ ಸಾಲನ್ನು ಆರಿಸಿ ಎಂಟರ್ ಒತ್ತಿದ್ದ. "ಮಾಮ, ಸ್ಕ್ರೀನ್ ಪೂರ್ತಿ ಕಪ್ಪಾಗೋಯ್ತು, ಫ್ಯಾನ್ ಮಾತ್ರ ಜೋರಾಗಿ ತಿರುಗ್ತಾ ಇದೆ. ಲ್ಯಾಪ್‌ಟಾಪೇ ಹೋಯ್ತಾ?" ಎಂದು ಕೇಳಿದ. ಆ ಗಾಬರಿ ನನಗೆ ಹೊಸದಲ್ಲ. ನೆಂಟರಿಷ್ಟರ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಾ ಬಂದಿರುವ ನಾನು, ಆಸಕ್ತಿಯಿಂದ ಶುರು ಮಾಡಿದವರು ಅರ್ಧದಲ್ಲೇ ಕೈಬಿಡುವುದನ್ನು ಹೆಚ್ಚಾಗಿ ಕಂಡಿರುವುದು ಈ ಕಪ್ಪು ಪರದೆಯ ಮುಂದೆಯೇ. ಆದ್ದರಿಂದ ಆ ಭಾನುವಾರ ಅವನೂ ನಾನೂ ಫೋನಿನಲ್ಲೇ ಮಾಡಿದ್ದನ್ನು, ಅದರ ಹಿಂದಿನ ಕಾರಣಗಳ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಟೈಪ್ ಮಾಡುವಾಗ ಅವೆಲ್ಲವೂ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಇರಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಪ್ಪು ಪರದೆ ಎಂದು ಹುಡುಕಿದರೆ ಸಿಗುವ ಮೊದಲ ಸಲಹೆ "ನೋಮೋಡ್‌ಸೆಟ್ ಹಾಕಿ" ಎಂಬುದು. ಸಲಹೆ ತಪ್ಪಲ್ಲ, ಆದರೆ ಅರ್ಧದಷ್ಟೇ. ಆ ಒಂದು ಪದ ಏನು ಮಾಡುತ್ತದೆ, ಯಾವಾಗ ಅದು ಬೇಡ, ಹಾಕಿದ ಮೇಲೆ ಯಾವಾಗ ತೆಗೆಯಬೇಕು ಎಂಬುದನ್ನು ಯಾರೂ ಹೇಳದೆ ಹೋಗುವುದರಿಂದ, ಸ್ಥಾಪನೆ ಮುಗಿದು ತಿಂಗಳುಗಳಾದರೂ ಬೆಳಕು ಕಡಿಮೆ ಮಾಡಲಾಗದ, ಎರಡನೆಯ ಮಾನಿಟರ್ ಹತ್ತದ, ವಿಡಿಯೊ ಹಾಕಿದರೆ ತಡವರಿಸುವ ಯಂತ್ರಗಳನ್ನು ಜನ "ಲಿನಕ್ಸ್ ಇರುವುದೇ ಹೀಗೆ" ಎಂದುಕೊಂಡು ಬಳಸುತ್ತಿರುತ್ತಾರೆ. ಅದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ನಾನು ಅವನಿಗೆ ಕೇಳಿದ ಮೊದಲ ಪ್ರಶ್ನೆ, ಪರದೆ ಯಾವ ಗಳಿಗೆಯಲ್ಲಿ ಕಪ್ಪಾಯಿತು ಎಂಬುದು. ಕಂಪನಿಯ ಲಾಂಛನವಾಗಲೀ, ಯಾವ ವ್ಯವಸ್ಥೆಯನ್ನು ಬೂಟ್ ಮಾಡಬೇಕೆಂದು ಕೇಳುವ ಗ್ರಬ್ ಮೆನುವಾಗಲೀ ಕಾಣಿಸದೆ ಮೊದಲಿನಿಂದಲೇ ಕಪ್ಪಾಗಿದ್ದರೆ ಅದಕ್ಕೂ ಲಿನಕ್ಸ್ ಡ್ರೈವರ್‌ಗೂ, ಎಂದರೆ ಚಿಪ್ಪನ್ನು ನಡೆಸುವ ತಂತ್ರಾಂಶಕ್ಕೂ, ಸಂಬಂಧವಿಲ್ಲ. ಕೇಬಲ್, ಮಾನಿಟರ್ ಅಥವಾ ಬಯೋಸ್ ಸೆಟ್ಟಿಂಗ್ ನೋಡಬೇಕು. ಗ್ರಬ್ ಮೆನು ಕಂಡು, ಎಂಟರ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಕಪ್ಪಾದರೆ ಲಿನಕ್ಸಿನ ತಿರುಳಾದ ಕರ್ನಲ್ಲು ಗ್ರಾಫಿಕ್ಸ್ ಚಿಪ್ಪನ್ನು ತನ್ನ ಕೈಗೆ ತೆಗೆದುಕೊಳ್ಳುವ ಹಂತದಲ್ಲಿ ಎಡವಿದೆ. ಉಬುಂಟು ಲಾಂಛನ ತಿರುಗಿ, ಲಾಗಿನ್ ಪರದೆ ಬರಬೇಕಾದ ಜಾಗದಲ್ಲಿ ಕಪ್ಪಾದರೆ ತೊಂದರೆ ಇನ್ನೂ ಮೇಲಿನದು, ಕಿಟಕಿಗಳನ್ನು ಪರದೆಯ ಮೇಲೆ ಮೂಡಿಸುವ ವೇಲ್ಯಾಂಡ್ ಅಥವಾ ಎಕ್ಸ್ ಸರ್ವರ್ ಏಳುತ್ತಿಲ್ಲ ಎಂದರ್ಥ. ಪಾಸ್‌ವರ್ಡ್ ಕೊಟ್ಟ ಮೇಲೆ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುವುದು ಬೇರೆಯದೇ ಕಥೆ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಎರಡನೆಯ ಪ್ರಶ್ನೆ, ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತದೆಯೇ ಎಂಬುದು. ದೀಪ ಸ್ಪಂದಿಸಿದರೆ ಕರ್ನಲ್ ಬದುಕಿದೆ, ಚಿತ್ರವೊಂದು ಮಾತ್ರ ಕಾಣಿಸುತ್ತಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರಗಳ ಕನ್ಸೋಲ್ ಸಿಗಲೂಬಹುದು. ದೀಪ ಅಲ್ಲಾಡದಿದ್ದರೆ ಯಂತ್ರ ಪೂರ್ತಿ ಸಿಕ್ಕಿಕೊಂಡಿದೆ. ಅವನ ಲ್ಯಾಪ್‌ಟಾಪಿನಲ್ಲಿ ದೀಪ ಹತ್ತುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿಯುವ ಬದಲು ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಗಳನ್ನು ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಒಂದೆರಡು ಸೆಕೆಂಡುಗಳ ಅಂತರದಲ್ಲಿ ಒತ್ತಲು ಹೇಳಿದೆ. ಡಿಸ್ಕಿಗೆ ಬರೆಯಬೇಕಾದದ್ದನ್ನು ಬರೆದು, ಡಿಸ್ಕನ್ನು ಓದಲಷ್ಟೇ ಬರುವಂತೆ ಮಾಡಿ, ಆಮೇಲೆ ಮರುಬೂಟ್ ಮಾಡು ಎಂದು ಕರ್ನಲ್ಲಿಗೆ ನೇರವಾಗಿ ಹೇಳುವ ವಿಧಾನವಿದು. ಪೆನ್‌ಡ್ರೈವ್‌ನಿಂದ ಓಡುವಾಗ ಇದರ ಅಗತ್ಯ ಅಷ್ಟಿಲ್ಲವಾದರೂ, ಸ್ಥಾಪನೆಯಾದ ಯಂತ್ರದಲ್ಲಿ ಈ ಅಭ್ಯಾಸ ಕಡತಗಳನ್ನು ಉಳಿಸುತ್ತದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪರದೆಯ ಅಳತೆ, ಬಣ್ಣದ ಆಳ, ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಮೂಡಬೇಕು ಎಂಬ ಲೆಕ್ಕ, ಇವೆಲ್ಲವನ್ನೂ ನಿಗದಿ ಮಾಡುವುದಕ್ಕೆ ಮೋಡ್ ಸೆಟ್ಟಿಂಗ್ ಎಂದು ಹೆಸರು. ಹಿಂದೆ ಲಿನಕ್ಸಿನಲ್ಲಿ ಈ ಕೆಲಸವನ್ನು ಮಾಡುತ್ತಿದ್ದದ್ದು ಕರ್ನಲ್ಲಿನ ಹೊರಗಿದ್ದ ಎಕ್ಸ್ ಸರ್ವರ್. 2009ರ ಮಾರ್ಚ್‌ನಲ್ಲಿ ಬಿಡುಗಡೆಯಾದ 2.6.29 ಕರ್ನಲ್ಲಿನಿಂದ ಮೊದಲು ಇಂಟೆಲ್ ಚಿಪ್ಪುಗಳಿಗೆ, ಅನಂತರ ಉಳಿದವುಗಳಿಗೆ, ಈ ಕೆಲಸ ಕರ್ನಲ್ಲಿನ ಒಳಕ್ಕೆ ಬಂತು. ಲಾಭ ದೊಡ್ಡದು: ಬೂಟ್ ಆಗುವಾಗ ಪರದೆ ಮಿಣುಕುವುದು ನಿಂತಿತು, ಕನ್ಸೋಲ್ ಕೂಡ ಪೂರ್ಣ ಅಳತೆಯಲ್ಲಿ ಕಾಣತೊಡಗಿತು, ನಿದ್ರೆಗೆ ಹೋದ ಲ್ಯಾಪ್‌ಟಾಪ್ ಎದ್ದಾಗ ಚಿತ್ರ ಮರಳಿ ಬರುವುದು ಸುಧಾರಿಸಿತು. ಆದರೆ ಡ್ರೈವರ್‌ಗೂ ಚಿಪ್ಪಿಗೂ ಹೊಂದದಿದ್ದರೆ ಬೂಟಿನ ಮೊದಲ ಸೆಕೆಂಡುಗಳಲ್ಲೇ ಚಿತ್ರ ಹೋಗಿಬಿಡುವ ಅಪಾಯವೂ ಅದರ ಜೊತೆಗೇ ಬಂತು. ನೋ, ಮೋಡ್, ಸೆಟ್ ಎಂಬ ಮೂರು ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಅಂಟಿಸಿದ ನೋಮೋಡ್‌ಸೆಟ್ ಎಂಬ ಸೂಚನೆ ಇಂಥ ಹೊತ್ತಿಗಾಗಿಯೇ ಇರುವುದು. ಅದನ್ನು ಕೊಟ್ಟರೆ ಕರ್ನಲ್ಲಿನ ಗ್ರಾಫಿಕ್ಸ್ ಡ್ರೈವರ್‌ಗಳು ಚಿಪ್ಪಿನ ತಂಟೆಗೆ ಹೋಗದೆ, ಬೂಟಿನ ಆರಂಭದಲ್ಲಿ ಫರ್ಮ್‌ವೇರ್ (ಯಂತ್ರದ ಚಿಪ್ಪಿನಲ್ಲೇ ಇರುವ ತಂತ್ರಾಂಶ) ಹಾಕಿಕೊಟ್ಟ ಚಿತ್ರದ ಜಾಗದಲ್ಲೇ ಎಲ್ಲವನ್ನೂ ಬರೆಯಲಾಗುತ್ತದೆ.

ಗಮನಿಸಬೇಕಾದ ಮಾತು ಇದು: ನೋಮೋಡ್‌ಸೆಟ್ ಕೆಟ್ಟ ಡ್ರೈವರ್ ಒಂದನ್ನೇ ನಿಲ್ಲಿಸುವುದಿಲ್ಲ, ಎಲ್ಲವನ್ನೂ ನಿಲ್ಲಿಸುತ್ತದೆ. ನನ್ನ ಸೋದರಳಿಯನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎರಡು ಚಿಪ್ಪು, ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸ್ ಒಂದು, ಜಿಟಿಎಕ್ಸ್ 1650 ಎಂಬ ಎನ್ವಿಡಿಯಾ ಚಿಪ್ಪು ಇನ್ನೊಂದು. ಇಂಥ ಜೋಡಿ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಪರದೆಯ ತಂತಿ ಸಾಮಾನ್ಯವಾಗಿ ಹೋಗುವುದು ಇಂಟೆಲ್ ಕಡೆಗೆ. ಇಂಟೆಲ್ ಡ್ರೈವರ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡಬಲ್ಲದು; ಸಿಕ್ಕಿಕೊಳ್ಳುತ್ತಿದ್ದದ್ದು ಎರಡನೆಯ ಚಿಪ್ಪನ್ನು ಏಳಿಸಲು ಹೋಗುತ್ತಿದ್ದ ನೂವೋ ಡ್ರೈವರ್. ನೂವೋ ಎಂದರೆ ಫ್ರೆಂಚಿನಲ್ಲಿ ಹೊಸದು ಎಂದರ್ಥ. ಅಕ್ಷರಗಳು ಎನ್, ಒ, ಯು, ವಿ, ಇ, ಎ, ಯು. ತಯಾರಕರ ದಾಖಲೆಗಳ ನೆರವಿಲ್ಲದೆ, ಚಿಪ್ಪು ಹೇಗೆ ವರ್ತಿಸುತ್ತದೆ ಎಂಬುದನ್ನು ಗಮನಿಸಿ ಗಮನಿಸಿ ಸ್ವಯಂಸೇವಕರು ಕಟ್ಟಿದ ಮುಕ್ತ ಡ್ರೈವರ್ ಅದು, 2010ರ ಫೆಬ್ರುವರಿಯಲ್ಲಿ 2.6.33 ಕರ್ನಲ್ಲಿನೊಂದಿಗೆ ಮುಖ್ಯ ಮೂಲಕ್ಕೆ ಸೇರಿತು. ಜಿಟಿಎಕ್ಸ್ 900 ಸರಣಿಯಿಂದೀಚೆಗೆ ಸಹಿ ಮಾಡಿದ ಫರ್ಮ್‌ವೇರ್ ಇಲ್ಲದೆ ಚಿಪ್ಪಿನ ವೇಗವನ್ನು ಏರಿಸಲು ಬಾರದಂತಾದದ್ದರಿಂದ ಆ ಬಳಗದ ಕೆಲಸ ಬಹಳ ವರ್ಷ ಕಟ್ಟಿಹಾಕಿದಂತೆ ಉಳಿಯಿತು. 2024ರ ಜನವರಿಯಲ್ಲಿ ಬಂದ 6.7 ಕರ್ನಲ್ಲಿನಲ್ಲಿ ಹೊಸ ಫರ್ಮ್‌ವೇರ್ ದಾರಿ ತೆರೆದುಕೊಂಡಿದೆ. ಇಷ್ಟು ಕಷ್ಟದಲ್ಲಿ ಕಟ್ಟಿದ ಕೆಲಸದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಒಂದು ಯಂತ್ರದಲ್ಲಿ ಅದು ಹೊಂದಲಿಲ್ಲವೆಂದರೆ ಅಲ್ಲಿ ಅದನ್ನು ಬದಿಗಿಟ್ಟರಾಯಿತು.

ಹಾಗಾಗಿ ನೋಮೋಡ್‌ಸೆಟ್ ಬದಲು ನೂವೋ ಒಂದನ್ನೇ ತಡೆಯಲು ಹೇಳಿದೆ. ಗ್ರಬ್ ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು ಎಂಟರ್ ಒತ್ತದೆ ಇ ಅಕ್ಷರ ಒತ್ತಿದರೆ ನಾಲ್ಕಾರು ಸಾಲುಗಳ ಸಣ್ಣ ಸಂಪಾದಕ ತೆರೆಯುತ್ತದೆ. ಅದರಲ್ಲಿ ಲಿನಕ್ಸ್ ಎಂಬ ಪದದಿಂದ ಶುರುವಾಗುವ ಸಾಲೊಂದಿರುತ್ತದೆ. ಆ ಸಾಲಿನ ಕೊನೆಯ ಕಡೆ ಕ್ವಯಟ್, ಸ್ಪ್ಲ್ಯಾಶ್ ಎಂಬ ಎರಡು ಪದಗಳಿರುತ್ತವೆ. ಆ ಎರಡನ್ನೂ ಅಳಿಸಿ, ಅದೇ ಜಾಗದಲ್ಲಿ ನೂವೋ, ಚುಕ್ಕೆ, ಮೋಡ್‌ಸೆಟ್, ಸಮ ಚಿಹ್ನೆ, ಸೊನ್ನೆ, ಇಷ್ಟನ್ನೂ ನಡುವೆ ಜಾಗವಿಲ್ಲದೆ ಬರೆದು ಎಫ್10 ಒತ್ತಬೇಕು. ಕ್ವಯಟ್ ಅಳಿಸಿದ್ದು ಏಕೆಂದರೆ, ಆಗ ಬೂಟಿನ ಸಂದೇಶಗಳು ಪರದೆಯ ಮೇಲೆ ಸಾಲುಸಾಲಾಗಿ ಓಡುತ್ತವೆ, ಮತ್ತೆ ಸಿಕ್ಕಿಕೊಂಡರೂ ಕೊನೆಯ ಸಾಲಿನ ಫೋಟೊ ತೆಗೆದುಕೊಳ್ಳಬಹುದು. ಅವನು ವಿಡಿಯೊ ಕಾಲ್‌ನಲ್ಲಿ ಫೋನನ್ನು ಪರದೆಗೆ ಹಿಡಿದು ಒಂದೊಂದೇ ಅಕ್ಷರ ಓದಿ ಹೇಳುತ್ತಿದ್ದ. ಮೊದಲ ಸಲ ಸಮ ಚಿಹ್ನೆಯ ಹಿಂದೆ ಒಂದು ಜಾಗ ಬಿಟ್ಟಿದ್ದ. ಹಾಗೆ ಬಿಟ್ಟರೆ ಕರ್ನಲ್ ಅದನ್ನು ಬೇರೆ ಪದವೆಂದು ತಿಳಿದು ಸುಮ್ಮನಾಗುತ್ತದೆ, ದೂರು ಹೇಳುವುದಿಲ್ಲ. ಈ ಸಂಪಾದಕದಲ್ಲಿ ಮಾಡಿದ ಬದಲಾವಣೆ ಆ ಒಂದು ಬೂಟಿಗೆ ಮಾತ್ರ ಅನ್ವಯಿಸುತ್ತದೆ. ಆದ್ದರಿಂದ ತಪ್ಪು ಬರೆದರೂ ಏನೂ ಹಾಳಾಗದು ಎಂಬುದನ್ನು ಹೊಸಬರಿಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ಕೈ ಮುಂದೆ ಹೋಗುವುದಿಲ್ಲ. ಎರಡನೆಯ ಸಲಕ್ಕೆ ಉಬುಂಟು ಪರದೆ ಪೂರ್ಣ ಅಳತೆಯಲ್ಲಿ, ಬೆಳಕಿನ ಕೀಲಿಗಳೂ ಕೆಲಸ ಮಾಡುವಂತೆ ಬಂತು. ನೋಮೋಡ್‌ಸೆಟ್ ಹಾಕಿದ್ದರೂ ಚಿತ್ರವೇನೋ ಬರುತ್ತಿತ್ತು, ಆದರೆ ಇಂಟೆಲ್ ಡ್ರೈವರ್ ಕೂಡ ಮಲಗಿರುತ್ತಿದ್ದರಿಂದ ಬೆಳಕಿನ ಹಿಡಿತ ಸಿಗುತ್ತಿರಲಿಲ್ಲ, ಇಡೀ ಡೆಸ್ಕ್‌ಟಾಪನ್ನು ಪ್ರೊಸೆಸರ್ ಒಂದೇ ಬಿಡಿಸಬೇಕಾಗುತ್ತಿತ್ತು.

ಒಂದೇ ಚಿಪ್ಪಿರುವ ಡೆಸ್ಕ್‌ಟಾಪಿನಲ್ಲಾದರೆ ನೋಮೋಡ್‌ಸೆಟ್ ಹಾಕುವುದೇ ಸುಲಭ. ಉಬುಂಟು ಮೆನುವಿನಲ್ಲಿ ಸೇಫ್ ಗ್ರಾಫಿಕ್ಸ್ ಎಂಬ ಸಾಲು, ಲಿನಕ್ಸ್ ಮಿಂಟ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಸಾಲು ಇರುವುದು ಅದೇ ಉದ್ದೇಶಕ್ಕೆ.

ಸ್ಥಾಪನೆ ಮುಗಿದು ಪೆನ್‌ಡ್ರೈವ್ ತೆಗೆದು ಮರುಬೂಟ್ ಮಾಡಿದಾಗ ಮತ್ತೆ ಕಪ್ಪಾದರೆ ಹೆದರಬೇಕಾಗಿಲ್ಲ. ಡಿಸ್ಕಿನಲ್ಲಿ ಕುಳಿತ ವ್ಯವಸ್ಥೆಗೆ ನಮ್ಮ ತಾತ್ಕಾಲಿಕ ಸೂಚನೆ ಗೊತ್ತಿರಬೇಕಾಗಿಲ್ಲ, ಹಾಗಾಗಿ ಅಲ್ಲಿಯೂ ಒಮ್ಮೆ ಅದೇ ಕೆಲಸ ಮಾಡಿ ಒಳಗೆ ಹೋಗಬೇಕು. ಗ್ರಬ್ ಮೆನು ಕಾಣಿಸದೆ ನೇರವಾಗಿ ಬೂಟ್ ಆಗುತ್ತಿದ್ದರೆ, ಬಯೋಸ್ ಬದಲು ಯುಇಎಫ್ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇರುವ ಯಂತ್ರಗಳಲ್ಲಿ ಲಾಂಛನ ಕಂಡ ಕೂಡಲೇ ಎಸ್ಕೇಪ್ ಕೀಯನ್ನು, ಹಳೆಯ ಬಯೋಸ್ ಯಂತ್ರಗಳಲ್ಲಿ ಶಿಫ್ಟ್ ಕೀಯನ್ನು ಬಳಸಬೇಕು. ಒಳಗೆ ಹೋದ ಮೇಲೆ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಎಂದು ಬರೆದು, ಜಾಗ ಬಿಟ್ಟು, ಹೈಫನ್ ಮತ್ತು ಕೆ ಸೇರಿಸಿ ಎಂಟರ್ ಒತ್ತಿದರೆ ಪ್ರತಿಯೊಂದು ಚಿಪ್ಪಿನ ಕೆಳಗೂ ಅದನ್ನು ಈಗ ಯಾವ ಡ್ರೈವರ್ ನೋಡಿಕೊಳ್ಳುತ್ತಿದೆ ಎಂಬ ಸಾಲು ಬರುತ್ತದೆ. ಯಾವ ಊಹೆಗಿಂತಲೂ ನಾನು ನಂಬುವುದು ಈ ಸಾಲನ್ನು. ಆ ಸಾಲೇ ಇಲ್ಲದಿದ್ದರೆ ಚಿಪ್ಪಿಗೆ ಯಜಮಾನನಿಲ್ಲ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರದ ಪುಟ ತೆರೆದಾಗ ಗ್ರಾಫಿಕ್ಸ್ ಎಂಬ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಎಂದಿದ್ದರೂ ಅರ್ಥ ಅದೇ, ಚಿಪ್ಪು ಸುಮ್ಮನೆ ಕುಳಿತಿದೆ, ಪ್ರೊಸೆಸರ್ ದುಡಿಯುತ್ತಿದೆ.

ಡ್ರೈವರ್ ಹಾಕುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ವಿಂಡೋಸ್ ಅಭ್ಯಾಸದಿಂದ ಬಂದವರು ತಯಾರಕರ ಜಾಲತಾಣಕ್ಕೆ ಹೋಗಿ ರನ್ ಎಂದು ಕೊನೆಯಾಗುವ ಕಡತವನ್ನು ಇಳಿಸಿಕೊಳ್ಳುತ್ತಾರೆ. ಅದು ಕೆಲಸ ಮಾಡುವುದೇನೋ ನಿಜ, ಆದರೆ ಉಬುಂಟುವಿನ ಪ್ಯಾಕೇಜ್ ವ್ಯವಸ್ಥೆಗೆ ಅದರ ಸುಳಿವೇ ಇರುವುದಿಲ್ಲ, ಮುಂದೆ ಕರ್ನಲ್ ಅಪ್‌ಡೇಟ್ ಬಂದಾಗ ಪರದೆ ಮತ್ತೆ ಹೋಗುವ ಸಂಭವ ಹೆಚ್ಚು. ಅಡಿಷನಲ್ ಡ್ರೈವರ್ಸ್ ಎಂಬ ಕಿಟಕಿಯಿಂದಲೋ, ಟರ್ಮಿನಲ್ಲಿನಲ್ಲಿ ಸುಡೊ, ಉಬುಂಟು-ಡ್ರೈವರ್ಸ್, ಇನ್‌ಸ್ಟಾಲ್ ಎಂಬ ಮೂರು ಪದಗಳ ಆಜ್ಞೆಯಿಂದಲೋ ಹಾಕಿಕೊಳ್ಳುವುದೇ ಸರಿಯಾದ ದಾರಿ. ಆ ಕಿಟಕಿಯ ಪಟ್ಟಿಯಲ್ಲಿ ಒಂದೇ ಸಂಖ್ಯೆಯ ಡ್ರೈವರ್ ಎರಡು ಮೂರು ರೂಪಗಳಲ್ಲಿ ಕಾಣಿಸಿ ಗೊಂದಲ ಹುಟ್ಟಿಸುತ್ತದೆ. ಸರ್ವರ್ ಎಂದು ಬಾಲವಿರುವುದು ಮನೆಯ ಯಂತ್ರಕ್ಕೆ ಬೇಡ. ಓಪನ್ ಎಂದು ಬಾಲವಿರುವುದು 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ಮೂಲ ತೆರೆದಿಟ್ಟ ಕರ್ನಲ್ ಮಾಡ್ಯೂಲನ್ನು, ಎಂದರೆ ಕರ್ನಲ್ಲಿಗೆ ಸೇರಿಕೊಳ್ಳುವ ಡ್ರೈವರ್ ಭಾಗವನ್ನು, ಬಳಸುವಂಥದ್ದು, ಅದು ಟ್ಯೂರಿಂಗ್ ಪೀಳಿಗೆ ಮತ್ತು ಅದರ ನಂತರದ ಚಿಪ್ಪುಗಳಿಗೆ ಮಾತ್ರ. ಜಿಟಿಎಕ್ಸ್ 1050ರಂಥ ಹಿಂದಿನ ಚಿಪ್ಪಿಗೆ ಅದನ್ನು ಆರಿಸಿದರೆ ಡ್ರೈವರ್ ಏಳುವುದಿಲ್ಲ. ರೆಕಮೆಂಡೆಡ್ ಎಂದು ಗುರುತಿಸಿದ್ದನ್ನು ಆರಿಸಿಕೊಂಡರೆ ಹೆಚ್ಚಿನ ಯಂತ್ರಗಳಿಗೆ ಸಾಕು.

ಅವನು ನಾನು ಹೇಳುವ ಮೊದಲೇ ಎಲ್ಲಿಂದಲೋ ನಕಲು ಮಾಡಿದ ಆಜ್ಞೆಯಿಂದ, ಡಿಕೆಎಂಎಸ್ ಎಂಬ ವ್ಯವಸ್ಥೆಯ ಮೂಲಕ ಯಂತ್ರದಲ್ಲೇ ಮಾಡ್ಯೂಲ್ ಕಟ್ಟಿಕೊಳ್ಳುವ ಪ್ಯಾಕೇಜನ್ನು ಹಾಕಿದ್ದ. ಅದರಲ್ಲಿ ತಪ್ಪಿಲ್ಲ, ಆದರೆ ಸಹಿಯಿಲ್ಲದ ತಂತ್ರಾಂಶ ಬೂಟಿನಲ್ಲಿ ಓಡದಂತೆ ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದ ಯಂತ್ರದಲ್ಲಿ ಹೀಗೆ ಮನೆಯಲ್ಲೇ ಕಟ್ಟಿದ ಮಾಡ್ಯೂಲಿಗೆ ಸಹಿ ಬೇಕು, ಆ ಸಹಿಯ ಕೀಲಿಯನ್ನು ಫರ್ಮ್‌ವೇರ್ ಮುಂದೆ ನಾವೇ ಒಪ್ಪಿಕೊಳ್ಳಬೇಕು. ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಬೂಟ್ ಆದ ಕೂಡಲೇ ನೀಲಿ ಬಣ್ಣದ ಪರದೆಯೊಂದು ಬಂದು, ಯಾವುದಾದರೂ ಕೀ ಒತ್ತಿ ಎಂದು 10 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಒತ್ತದಿದ್ದರೆ ಎಂದಿನಂತೆ ಮುಂದೆ ಹೋಗಿಬಿಡುತ್ತದೆ. ಆ ನೀಲಿ ಪರದೆ ಬಂದಾಗ ಅವನು ಕಾಫಿ ತರಲು ಒಳಗೆ ಹೋಗಿದ್ದ. ವಾಪಸ್ಸು ಬಂದು ನೋಡಿದರೆ ಡೆಸ್ಕ್‌ಟಾಪ್ ಬಂದಿದೆ, ಎನ್ವಿಡಿಯಾ ಡ್ರೈವರ್ ಮಾತ್ರ ಇಲ್ಲ. ಸುಡೊ ಮಾಡ್‌ಪ್ರೋಬ್ ಎನ್ವಿಡಿಯಾ ಎಂದು ಕೊಡಿಸಿದಾಗ, ಕೀಲಿಯನ್ನು ತಿರಸ್ಕರಿಸಲಾಗಿದೆ ಎಂಬ ಅರ್ಥದ ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್ ಎಂಬ ಸಾಲು ಬಂತು. ಈ ಸಾಲು ಕಂಡವರು ಡ್ರೈವರ್ ಕೆಟ್ಟಿದೆ ಎಂದು ತೆಗೆದು ಮತ್ತೆ ಮತ್ತೆ ಹಾಕುವುದನ್ನು ನೋಡಿದ್ದೇನೆ. ಅದು ಸಹಿಯ ತಕರಾರು ಮಾತ್ರ. ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ ಎಂಬ ಆಜ್ಞೆಗೆ ಎರಡು ಹೈಫನ್ ಮತ್ತು ಎನ್ರೋಲ್-ಕೀ ಎಂದು ಸೇರಿಸಿ ಸುಡೊ ಜೊತೆ ಓಡಿಸಿದರೆ ಪಾಸ್‌ವರ್ಡ್ ಮತ್ತೆ ಕೇಳುತ್ತದೆ. ಆಮೇಲೆ ಮರುಬೂಟ್ ಮಾಡಿ, ಎದುರಲ್ಲೇ ಕುಳಿತು, ನೀಲಿ ಪರದೆಯಲ್ಲಿ ಎನ್ರೋಲ್ ಎಂಓಕೆ, ಕಂಟಿನ್ಯೂ, ಯೆಸ್ ಎಂಬುದನ್ನು ಕ್ರಮವಾಗಿ ಆರಿಸಿ ಆ ಪಾಸ್‌ವರ್ಡ್ ಕೊಟ್ಟು ರೀಬೂಟ್ ಎಂಬುದನ್ನು ಆರಿಸಬೇಕು. ಅಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲೇ ಇರುತ್ತದೆ, ಹಾಗಾಗಿ ಪಾಸ್‌ವರ್ಡಿನಲ್ಲಿ ಬರೀ ಅಕ್ಷರ, ಅಂಕಿಗಳಿರುವುದು ಕ್ಷೇಮ. ಸೆಕ್ಯೂರ್ ಬೂಟನ್ನೇ ನಿಲ್ಲಿಸಿಬಿಡುವುದು ಇನ್ನೊಂದು ದಾರಿ; ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ನಾನು ಅದನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ಅಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ರಿಕವರಿ ಕೀಲಿ ಕೇಳುವ ಹೊಸ ತಲೆನೋವು ಎದುರಾಗಬಹುದು.

ಡ್ರೈವರ್ ಎದ್ದ ಮೇಲೆ ಉಳಿಯುವ ಕೆಲಸ, ಊರುಗೋಲನ್ನು ತೆಗೆಯುವುದು. ಇಟಿಸಿ ಕಡತಕೋಶದ ಡಿಫಾಲ್ಟ್ ಒಳಗಿರುವ ಗ್ರಬ್ ಎಂಬ ಕಡತವನ್ನು ತೆರೆದು, ಕ್ವಯಟ್, ಸ್ಪ್ಲ್ಯಾಶ್ ಇರುವ ಸಾಲಿನಲ್ಲಿ ನೋಮೋಡ್‌ಸೆಟ್ ಅಂಟಿಕೊಂಡಿದೆಯೇ ನೋಡಿ, ಇದ್ದರೆ ಅಳಿಸಿ, ಸುಡೊ ಅಪ್‌ಡೇಟ್-ಗ್ರಬ್ ಕೊಡಬೇಕು. ಎನ್ವಿಡಿಯಾ ಪ್ಯಾಕೇಜು ನೂವೋವನ್ನು ತಾನೇ ತಡೆಯುವುದರಿಂದ ಅದಕ್ಕಾಗಿ ಹಾಕಿದ ಸೂಚನೆಯೂ ಬೇಡ. ಮರುಬೂಟ್ ಮಾಡಿ ಎನ್ವಿಡಿಯಾ-ಎಸ್‌ಎಂಐ ಎಂದು ಕೊಟ್ಟಾಗ ಚಿಪ್ಪಿನ ಹೆಸರು, ಡ್ರೈವರ್ ಆವೃತ್ತಿ, ಬಿಸಿ ಎಷ್ಟು ಎಂಬ ಚೌಕಟ್ಟು ಬಂದರೆ ಎಲ್ಲ ಸರಿಯಾಗಿದೆ. ಬ್ಯಾಟರಿ ಬೇಗ ಮುಗಿಯದಿರಲೆಂದು ಪ್ರೈಮ್-ಸೆಲೆಕ್ಟ್ ಆಜ್ಞೆಯಿಂದ ಆನ್-ಡಿಮಾಂಡ್ ಎಂಬ ವಿಧಾನಕ್ಕೆ ಹಾಕಿಸಿದೆ. ಆಗ ನಿತ್ಯದ ಕೆಲಸವನ್ನು ಇಂಟೆಲ್ ಮಾಡುತ್ತದೆ, ಬೇಕೆಂದ ತಂತ್ರಾಂಶಕ್ಕೆ ಮಾತ್ರ ಎನ್ವಿಡಿಯಾ ಏಳುತ್ತದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿಯನ್ನು ಎನ್ವಿಡಿಯಾ ಚಿಪ್ಪಿಗೇ ಜೋಡಿಸಿರುತ್ತಾರೆ, ಅವನದರಲ್ಲೂ ಹಾಗೆಯೇ ಇತ್ತು. ಡ್ರೈವರ್ ಇಲ್ಲದಾಗ ಕಾಲೇಜಿನ ಪ್ರೊಜೆಕ್ಟರ್ ಹತ್ತುವುದಿಲ್ಲವಲ್ಲ ಎಂದು ಅವನು ಚಿಂತಿಸಿದ್ದ. ಆ ಚಿಂತೆಯೂ ಅಲ್ಲಿಗೆ ಮುಗಿಯಿತು.

ಅಕ್ಕನ ಮನೆ ಇರುವುದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಅಲ್ಲಿಯ ಹಳೆಯ ಡೆಸ್ಕ್‌ಟಾಪಿನ ಕಥೆ ಇದಕ್ಕಿಂತ ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಭಾಗಗಳನ್ನು ಕೊಂಡು ಜೋಡಿಸಿದ ಯಂತ್ರ ಅದು, ಮೂರನೆಯ ಪೀಳಿಗೆಯ ಐ5 ಪ್ರೊಸೆಸರ್, ಜೊತೆಗೆ ಜಿಟಿ 730 ಎಂಬ ಗ್ರಾಫಿಕ್ಸ್ ಕಾರ್ಡು. ಮಿಂಟ್ ಹಾಕಿದ್ದಾಯಿತು; ಡೆಸ್ಕ್‌ಟಾಪ್ ಬರುತ್ತದೆ, ಹತ್ತು ನಿಮಿಷ ಚೆನ್ನಾಗಿರುತ್ತದೆ, ಬ್ರೌಸರ್ ತೆರೆದು ವಿಡಿಯೊ ಹಾಕಿದರೆ ಪರದೆ ಅಲ್ಲೇ ನಿಂತುಬಿಡುತ್ತದೆ. ಡ್ರೈವರ್ ಮ್ಯಾನೇಜರ್ ತೆರೆದರೆ ಎನ್ವಿಡಿಯಾದ ಯಾವ ಡ್ರೈವರೂ ಪಟ್ಟಿಯಲ್ಲಿಲ್ಲ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್ಪುಗಳು ಮಾರಾಟವಾಗಿವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಎಲ್‌ಎಸ್‌ಪಿಸಿಐ ಕೊಟ್ಟಾಗ ಬರುವ ಸಾಲಿನಲ್ಲಿ ಜಿಕೆ ಎಂದು ಶುರುವಾಗುವ ಸಂಕೇತವಿದ್ದರೆ ಅದು ಕೆಪ್ಲರ್ ಪೀಳಿಗೆ, 470 ಸರಣಿಯ ಡ್ರೈವರ್ ಅದಕ್ಕೆ ಆಗುತ್ತದೆ. ಜಿಎಫ್ ಎಂದು ಶುರುವಾದರೆ ಅದಕ್ಕಿಂತ ಹಳೆಯ ಫರ್ಮಿ. ಅದಕ್ಕೆ ಬೇಕಾದದ್ದು 390 ಸರಣಿ, ಆ ಸರಣಿಗೆ ತಯಾರಕರ ಬೆಂಬಲ 2022ಕ್ಕೇ ಮುಗಿದಿದೆ. ನಮ್ಮ ಕಾರ್ಡಿನಲ್ಲಿ ಜಿಎಫ್108 ಎಂದಿತ್ತು.

ಹಳೆಯ ಡ್ರೈವರನ್ನು ಹೊಸ ಕರ್ನಲ್ಲಿಗೆ ಹೊಂದಿಸುವ ತೇಪೆಗಳು ಸಿಗುತ್ತವೆ. ಒಮ್ಮೆ ಪ್ರಯತ್ನವನ್ನೂ ಮಾಡಿದೆ. ಮಾಡ್ಯೂಲ್ ಕಟ್ಟುತ್ತಿರುವಾಗ ಕರೆಂಟು ಹೋಯಿತು, ಯುಪಿಎಸ್ ಇರಲಿಲ್ಲ. ಮತ್ತೆ ಕರೆಂಟು ಬಂದಾಗ ಪ್ಯಾಕೇಜ್ ವ್ಯವಸ್ಥೆ ಅರ್ಧಕ್ಕೆ ನಿಂತಿತ್ತು. ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗಿನ ರಿಕವರಿ ಮೋಡ್‌ಗೆ ಹೋಗಿ, ರೂಟ್ ಕನ್ಸೋಲಿನಲ್ಲಿ ಡಿಪಿಕೆಜಿ ಆಜ್ಞೆಗೆ ಎರಡು ಹೈಫನ್ ಹಾಕಿ ಕಾನ್ಫಿಗರ್, ಮತ್ತೆ ಹೈಫನ್ ಎ ಎಂದು ಸೇರಿಸಿ ಓಡಿಸಿದ ಮೇಲೆ ಅರ್ಧಕ್ಕೆ ನಿಂತದ್ದು ಪೂರ್ಣವಾಯಿತು. ನಮ್ಮ ಹಳ್ಳಿಗಳಲ್ಲಿ ಡ್ರೈವರ್ ಹಾಕುವ ಕೆಲಸಕ್ಕೆ ತ್ರೀ ಫೇಸ್ ಕರೆಂಟಿನ ವೇಳಾಪಟ್ಟಿ ನೋಡಿಕೊಂಡು ಕೂರುವುದು ಒಳ್ಳೆಯದು. ಲೈನ್ ಬದಲಾಯಿಸುವ ಹೊತ್ತಿಗೆ ಒಂದು ಕ್ಷಣ ಕರೆಂಟು ಹೋಗಿಬಂದರೂ ಇಂಥ ಕೆಲಸ ಕೆಡುತ್ತದೆ. ಅದೇ ಸಂಜೆ ನಾನು ನಿರ್ಧರಿಸಿದೆ: ಬೆಂಬಲ ಮುಗಿದ ಡ್ರೈವರಿಗಾಗಿ ಅಕ್ಕನ ಮನೆಯವರು ಪ್ರತಿ ಕರ್ನಲ್ ಅಪ್‌ಡೇಟಿಗೂ ನನಗೆ ಫೋನು ಮಾಡುವಂತಾಗಬಾರದು. ಕ್ಯಾಬಿನೆಟ್ ತೆರೆದು, ಸ್ಕ್ರೂ ಬಿಚ್ಚಿ, ಕಾರ್ಡನ್ನೇ ತೆಗೆದಿಟ್ಟೆ. ಪ್ರೊಸೆಸರ್ ಒಳಗಿನ ಇಂಟೆಲ್ ಗ್ರಾಫಿಕ್ಸಿಗೆ ಬೇಕಾದ ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಅದರ ಮೇಲೆ ವಿಡಿಯೊ, ಕಚೇರಿ ಕೆಲಸ, ಮಕ್ಕಳ ಪಾಠ ಎಲ್ಲವೂ ನಡೆಯುತ್ತವೆ. ಒಂದು ಎಚ್ಚರಿಕೆ: ಕಾರ್ಡು ಸ್ಲಾಟಿನಲ್ಲಿ ಇರುವಾಗಲೇ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚಿದರೆ ಅನೇಕ ಬೋರ್ಡುಗಳಲ್ಲಿ ಚಿತ್ರ ಬರುವುದಿಲ್ಲ, ಕಾರ್ಡು ಕಂಡರೆ ಬಯೋಸ್, ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನು ನಿಲ್ಲಿಸಿಬಿಡುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಚಿತ್ರ ಬಂತು, ಆದರೆ 1920×1080 ಅಳತೆಯ ಮಾನಿಟರಿನಲ್ಲಿ 1024×768ಕ್ಕಿಂತ ಮೇಲೆ ಆಯ್ಕೆಯೇ ಇಲ್ಲ, ಅಕ್ಷರಗಳೆಲ್ಲ ಅಡ್ಡಕ್ಕೆ ಹಿಗ್ಗಿದಂತಿವೆ. ನೋಡಿದವರೆಲ್ಲ ಡ್ರೈವರ್ ಇಲ್ಲ ಎಂದೇ ಹೇಳುತ್ತಾರೆ, ಆದರೆ ಎಲ್‌ಎಸ್‌ಪಿಸಿಐ ಸಾಲಿನಲ್ಲಿ ಇಂಟೆಲ್ ಡ್ರೈವರ್ ಸರಿಯಾಗಿ ಕುಳಿತಿತ್ತು, ನೋಮೋಡ್‌ಸೆಟ್ ಕೂಡ ಇರಲಿಲ್ಲ. ಮಾನಿಟರ್ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ 128 ಬೈಟಿನ ಪುಟ್ಟ ದಾಖಲೆಯಲ್ಲಿ ಇಟ್ಟುಕೊಂಡಿರುತ್ತದೆ, ಕಂಪ್ಯೂಟರ್ ಅದನ್ನು ಕೇಬಲ್ಲಿನ ಮೂಲಕವೇ ಓದಿಕೊಳ್ಳುತ್ತದೆ. ವಿಜಿಎ ಕೇಬಲ್ಲಿನಲ್ಲಿ ಆ ಓದಿಗೆ ಮೀಸಲಾದವು 12 ಮತ್ತು 15ನೆಯ ಪಿನ್ನುಗಳು. ಸಿಸ್ಟಂ ಕಡತಗಳ ನಡುವೆ, ಡಿಆರ್‌ಎಂ ಕೋಶದಲ್ಲಿ, ಆ ವಿಜಿಎ ಕಿಂಡಿಯ ಹೆಸರಿನ ಕೆಳಗಿದ್ದ ಇಡಿಐಡಿ ಕಡತವನ್ನು ಓದಿಸಿ ನೋಡಿದೆ, ಖಾಲಿ. ಕೇಬಲ್ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಎರಡನೆಯ ಸಾಲಿನಲ್ಲಿ 9ನೆಯ ಪಿನ್ ಇಲ್ಲದಿರುವುದು ಸಾಮಾನ್ಯ, ಅದರಿಂದ ತೊಂದರೆಯಿಲ್ಲ; ಆದರೆ ಮೂರನೆಯ ಸಾಲಿನ 12ನೆಯದು ಬಾಗಿ ಒಳಕ್ಕೆ ಮಡಚಿಕೊಂಡಿತ್ತು. ಹೊಸ ಕೇಬಲ್ ಹಾಕಿದ ತಕ್ಷಣ ಪೂರ್ಣ ಅಳತೆ ತಾನಾಗಿಯೇ ಬಂತು. ಕೇಬಲ್ ಸಿಗದ ಊರಿನಲ್ಲಿದ್ದರೆ, ಗ್ರಬ್ ಸಾಲಿನಲ್ಲಿ ವಿಡಿಯೊ ಎಂಬ ಸೂಚನೆಯ ಮುಂದೆ ಕಿಂಡಿಯ ಹೆಸರನ್ನೂ ಬೇಕಾದ ಅಳತೆಯನ್ನೂ ಬರೆದು ಕರ್ನಲ್ಲಿಗೆ ನಾವೇ ಹೇಳಿಕೊಡಬಹುದು. ಎಕ್ಸ್ ಸರ್ವರ್ ಬಳಸುವವರಿಗೆ ಸಿವಿಟಿ ಮತ್ತು ಎಕ್ಸ್‌ರಾಂಡ್ಆರ್ ಎಂಬ ಆಜ್ಞೆಗಳಿಂದಲೂ ಅದು ಸಾಧ್ಯ.

ಎಎಂಡಿ ಮತ್ತು ಇಂಟೆಲ್ ಚಿಪ್ಪಿನವರಿಗೆ ಹೇಳಬೇಕಾದದ್ದು ಕಡಿಮೆ. ಅವುಗಳ ಡ್ರೈವರ್ ಕರ್ನಲ್ ಮತ್ತು ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದ ಜೊತೆಗೇ ಬರುತ್ತದೆ, ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಯಂತ್ರ ತೀರಾ ಹೊಸದಾಗಿದ್ದು, ಹಾಕುತ್ತಿರುವ ಉಬುಂಟು ಅದಕ್ಕಿಂತ ಹಳೆಯದಾಗಿದ್ದರೆ ಮಾತ್ರ ಪರದೆ ಸಣ್ಣದಾಗಿಯೋ ಕಪ್ಪಾಗಿಯೋ ಬರುತ್ತದೆ. ಆಗ ಬೇಕಾದದ್ದು ಹೊಸ ಕರ್ನಲ್ಲು ಮತ್ತು ಹೊಸ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜು, ಹಾಗಾಗಿ ಅದೇ ಆವೃತ್ತಿಯ ಇತ್ತೀಚಿನ ಪರಿಷ್ಕೃತ ಐಎಸ್ಒ (ಸ್ಥಾಪನೆಯ ಕಡತ) ಇಳಿಸಿಕೊಂಡು ಹಾಕುವುದು ಸುಲಭದ ದಾರಿ.

ಮೊನ್ನೆ ಸೋದರಳಿಯನ ಲ್ಯಾಪ್‌ಟಾಪಿಗೆ ಕರ್ನಲ್ ಅಪ್‌ಡೇಟ್ ಬಂತು. ಮರುಬೂಟ್ ಮಾಡುವ ಮೊದಲು ಡಿಕೆಎಂಎಸ್ ಸ್ಟೇಟಸ್ ಎಂದು ಕೊಟ್ಟು ನೋಡಲು ಅವನಿಗೆ ಹೇಳಿಕೊಟ್ಟಿದ್ದೆ. ಹೊಸ ಕರ್ನಲ್ಲಿನ ಸಂಖ್ಯೆಯ ಮುಂದೆ ಇನ್‌ಸ್ಟಾಲ್ಡ್ ಎಂದಿದ್ದರೆ ಮಾಡ್ಯೂಲ್ ಕಟ್ಟಿ ಮುಗಿದಿದೆ, ಇಲ್ಲದಿದ್ದರೆ ಮಾಡ್ಯೂಲ್ ಕಟ್ಟಲು ಬೇಕಾದ, ಆ ಕರ್ನಲ್ಲಿನ ಹೆಡರ್ಸ್ ಪ್ಯಾಕೇಜು ಬಿಟ್ಟುಹೋಗಿದೆಯೇ ನೋಡಬೇಕು. ಹಳೆಯ ಕರ್ನಲ್ಲೂ ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಉಳಿದಿರುವುದರಿಂದ, ಏನಾದರೂ ಹೆಚ್ಚುಕಡಿಮೆಯಾದರೆ ಅದರಲ್ಲೇ ಬೂಟ್ ಮಾಡಿಕೊಳ್ಳಬಹುದು ಎಂಬುದನ್ನೂ ಹೇಳಿದ್ದೆ. ಅವನು ಟರ್ಮಿನಲ್ಲಿನ ಫೋಟೊ ಕಳಿಸಿದ. ಎರಡು ಸಾಲುಗಳಿದ್ದವು, ಹಳೆಯ ಕರ್ನಲ್ಲಿಗೊಂದು, ಹೊಸದಕ್ಕೊಂದು. ಎರಡರ ಮುಂದೆಯೂ ಇನ್‌ಸ್ಟಾಲ್ಡ್ ಎಂದಿತ್ತು. "ಮಾಮ, ರೀಬೂಟ್ ಮಾಡ್ಲಾ?" ಎಂದು ಕೆಳಗೆ ಬರೆದಿದ್ದ. ಮಾಡು ಎಂದೆ.